ಹಕ್ಕಿ ಎಷ್ಟು ದೂರದಲ್ಲಿ ಹೆದರುತ್ತದೆ? ನಿಮ್ಮೂರ ಕೆರೆಯಲ್ಲಿ ನೀವೇ ಅಳೆಯುವ ಬಗೆ

ಹಕ್ಕಿ ನೋಡಲು ಹೊಸದಾಗಿ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬಕ ನಿಂತಿರುತ್ತದೆ. ಬೆಳಗಿನ ವಾಕಿಂಗ್‌ಗೆ ಬಂದವರು ಜೋರಾಗಿ ಮಾತಾಡುತ್ತಾ ಹಾದುಹೋದರೂ ಕದಲುವುದಿಲ್ಲ. ಅದೇ ಜಾತಿಯ ಬಕ ಊರಿನ ಗದ್ದೆ ಬಯಲಿನಲ್ಲಿ, ನಾವು ಬದು ಹತ್ತುವಷ್ಟರಲ್ಲೇ ಹಾರಿಹೋಗಿರುತ್ತದೆ. ಯಾಕೆ ಹೀಗೆ? ಹಾರಿಸದೆ ಎಷ್ಟು ಹತ್ತಿರ ಹೋಗಬಹುದು?

ಬಾಯಲ್ಲಿ ಉತ್ತರ ಹೇಳಿದರೆ ಅರ್ಧ ದಿನದಲ್ಲಿ ಮರೆತುಹೋಗುತ್ತದೆ. ಒಂದು ಸಲ ಕೆರೆ ಏರಿಯ ಮೇಲೆ ಹೆಜ್ಜೆ ಎಣಿಸಿ ಅಳೆದವರು ಮಾತ್ರ ಮರೆಯುವುದಿಲ್ಲ. ಅದಕ್ಕೇ ಈ ಲೇಖನ. ಇದಕ್ಕೆ ದುಬಾರಿ ಸಾಮಾನು ಬೇಡ, ವಿಜ್ಞಾನದ ಡಿಗ್ರಿಯೂ ಬೇಡ. ಎರಡು ಭಾನುವಾರದ ಬೆಳಗ್ಗೆ ಸಾಕು. ಹೈಸ್ಕೂಲ್ ಮಕ್ಕಳ ಪ್ರಾಜೆಕ್ಟ್‌ಗೂ ಚೆನ್ನಾಗಿ ಒದಗುತ್ತದೆ.

ಮೊದಲು ಮೂರು ದೂರಗಳ ಪರಿಚಯ

ನೀವು ಹಕ್ಕಿಯ ಕಡೆ ನಡೆಯಲು ಶುರು ಮಾಡಿದ ಜಾಗಕ್ಕೂ ಹಕ್ಕಿಗೂ ನಡುವೆ ಇರುವುದು ಆರಂಭದ ದೂರ. ನಡೆಯುತ್ತಾ ಇರುವಾಗ ಹಕ್ಕಿ ಮೇಯುವುದನ್ನು ಬಿಟ್ಟು ನಿಮ್ಮ ಕಡೆ ಗಮನ ಕೊಡುತ್ತದಲ್ಲ, ಆಗ ನಿಮಗೂ ಅದಕ್ಕೂ ಇರುವ ಅಂತರ ಎಚ್ಚರದ ದೂರ. ಕೊನೆಗೆ ಅದು ಎದ್ದು ಹಾರಿದ ಅಥವಾ ಓಡಿದ ಕ್ಷಣದಲ್ಲಿ ಇದ್ದ ಅಂತರ ಹಾರುವ ದೂರ. ವಿಜ್ಞಾನಿಗಳು ಇದನ್ನು ಫ್ಲೈಟ್ ಇನಿಷಿಯೇಷನ್ ಡಿಸ್ಟೆನ್ಸ್ ಎನ್ನುತ್ತಾರೆ, ಚಿಕ್ಕದಾಗಿ ಎಫ್‌ಐಡಿ. ಪ್ರಪಂಚದಲ್ಲೆಲ್ಲ ಹಕ್ಕಿಯ ಭಯವನ್ನು ಹೋಲಿಸುವುದು ಈ ಮೂರನೇ ಅಂಕಿಯಿಂದ.

ನನ್ನ ಮಟ್ಟಿಗೆ ಹೇಳುವುದಾದರೆ ಎರಡನೆಯದು ಇನ್ನೂ ಮುಖ್ಯ. ಹಕ್ಕಿ ಹಾರುವಷ್ಟರಲ್ಲಿ ನಾವು ಆಗಲೇ ತೊಂದರೆ ಕೊಟ್ಟಾಗಿದೆ. ಎಚ್ಚರವಾದಾಗ ನಿಂತರೆ ಅದು ಮತ್ತೆ ಮೇಯಲು ತೊಡಗುತ್ತದೆ. ಅಳೆಯುವಾಗ ಮಾತ್ರ ಹಾರುವವರೆಗೂ ನಡೆಯಬೇಕಾಗುತ್ತದೆ, ಆದರೆ ಆಮೇಲೆ ಅಳತೆಯನ್ನು ಬಳಸುವಾಗ ಈ ಮಾತು ನೆನಪಿರಲಿ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ಸಿಲ್, ಒಂದು ಅಳತೆ ಟೇಪು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಎಚ್ಚರದ ಕ್ಷಣ ಗುರುತಿಸಲು ಸಹಾಯವಾಗುತ್ತದೆ. ಜೇಬಿನಲ್ಲಿ ಐದಾರು ಗುರುತಿನ ವಸ್ತು ಇರಲಿ. ಬಣ್ಣದ ಬಟ್ಟೆ ಕಟ್ಟಿದ ಸಣ್ಣ ಕಲ್ಲು ಸಾಕು. ಮಣ್ಣಿನ ಬಣ್ಣದ, ಸಾಧಾರಣ ಬಟ್ಟೆ ಹಾಕಿಕೊಳ್ಳಿ ಮತ್ತು ಪ್ರತಿ ಸಲ ಅದೇ ಥರದ್ದು ಹಾಕಿಕೊಳ್ಳಿ. ಒಂದು ದಿನ ಕೆಂಪು ಜರ್ಕಿನ್, ಇನ್ನೊಂದು ದಿನ ಹಸಿರು ಶರ್ಟು ಅಂದರೆ ಅಂಕಿ ಹೋಲಿಸಲು ಬರುವುದಿಲ್ಲ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅದು ಎಷ್ಟೇ ಸಾಧುವಾಗಿದ್ದರೂ ಹಕ್ಕಿಯ ಕಣ್ಣಿಗೆ ಬೇಟೆಯಾಡುವ ಪ್ರಾಣಿ.

1. ನಿಮ್ಮ ಹೆಜ್ಜೆಯನ್ನು ಅಳೆದುಕೊಳ್ಳಿ

ರಸ್ತೆ ಬದಿಯಲ್ಲಿ ಟೇಪು ಹಿಡಿದು 20 ಮೀಟರ್ ಗುರುತು ಮಾಡಿ. ಸಹಜ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆ ಎಣಿಸಿ. 28 ಹೆಜ್ಜೆ ಬಂದರೆ ನಿಮ್ಮ ಒಂದು ಹೆಜ್ಜೆ ಸುಮಾರು 71 ಸೆಂಟಿಮೀಟರ್. ಈ ಅಂಕಿಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಮುಂದೆ ಟೇಪು ಬೇಕಿಲ್ಲ, ಹೆಜ್ಜೆಯೇ ಅಳತೆಗೋಲು. ಗದ್ದೆ ಬದುವಿನ ಮೇಲೆ, ಕೆಸರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ. ಅಲ್ಲಿ ಅಳೆಯುವುದಿದ್ದರೆ ಅಲ್ಲೇ ಒಂದು ಸಲ ಎಣಿಸಿಕೊಳ್ಳಿ.

2. ಜಾಗ ಎರಡು, ಹಕ್ಕಿ ಒಂದೇ ಜಾತಿ

ಹೊಸಬರು ಎಡವುವುದು ಇಲ್ಲೇ. ಕಂಡ ಹಕ್ಕಿಯನ್ನೆಲ್ಲ ಅಳೆಯಲು ಹೋಗುತ್ತಾರೆ. ಕೊನೆಗೆ ಇಪ್ಪತ್ತು ಜಾತಿ, ಒಂದೊಂದಕ್ಕೆ ಒಂದೊಂದು ಅಂಕಿ. ಅದರಿಂದ ಏನೂ ತಿಳಿಯುವುದಿಲ್ಲ.

ಎರಡೂ ಕಡೆ ಸಿಗುವ ಒಂದೇ ಜಾತಿ ಆರಿಸಿ. ಕೊಳದ ಬಕ, ಗೊರವಂಕ, ಕಾಗೆ, ಚುಕ್ಕೆ ಬೆಳವ, ದನದ ಹಿಂದೆ ಮುಂದೆ ಓಡಾಡುವ ಬೆಳ್ಳಕ್ಕಿ, ಇವೆಲ್ಲ ಒಳ್ಳೆಯ ಆಯ್ಕೆ. ನೆಲದ ಮೇಲೆ ಓಡಾಡುತ್ತವೆ, ಎಲ್ಲ ಊರಲ್ಲೂ ಇವೆ, ದೂರದಿಂದಲೇ ಗುರುತು ಸಿಗುತ್ತದೆ. ಜಾಗಗಳಲ್ಲಿ ಒಂದು ಜನ ಜಾಸ್ತಿ ಓಡಾಡುವಂಥದ್ದು, ಇನ್ನೊಂದು ಜನ ಅಪರೂಪವಾಗಿರುವಂಥದ್ದು. ಪೇಟೆಯ ಕೆರೆ ಮತ್ತು ಊರಾಚೆಯ ಕೆರೆ. ಬಸ್ ಸ್ಟ್ಯಾಂಡಿನ ಗೊರವಂಕ ಮತ್ತು ರಾಗಿ ಹೊಲದ ಗೊರವಂಕ.

ಮಿಂಚುಳ್ಳಿ ಬೇಡ. ಅದು ತಾನಾಗಿಯೇ ಪದೇ ಪದೇ ಜಾಗ ಬದಲಿಸುತ್ತದೆ. ನಿಮಗೆ ಹೆದರಿ ಹಾರಿತೋ, ಮೀನು ಕಂಡು ಹಾರಿತೋ ಗೊತ್ತಾಗುವುದಿಲ್ಲ.

3. ಹೊರಡುವ ಮೊದಲು ಎರಡು ನಿಮಿಷ ನಿಲ್ಲಿ

ಹಕ್ಕಿ ಕಂಡ ಕೂಡಲೇ ನಡೆಯಬೇಡಿ. ಅದು ಏನು ಮಾಡುತ್ತಿದೆ ನೋಡಿ. ಮೇಯುತ್ತಿದ್ದರೆ, ಗರಿ ತಿದ್ದಿಕೊಳ್ಳುತ್ತಿದ್ದರೆ ಸರಿ. ಆಗಲೇ ಕತ್ತೆತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಆ ಹಕ್ಕಿಯನ್ನು ಬಿಡಿ, ಎಚ್ಚರದ ದೂರ ಅಳೆಯಲು ಅದು ಒದಗುವುದಿಲ್ಲ. ಮೇಲೆ ಹದ್ದು ಸುತ್ತುತ್ತಿದ್ದರೂ ಬಿಡಿ. ಬಾಯಲ್ಲಿ ಕಡ್ಡಿಯೋ ಹುಳುವೋ ಹಿಡಿದು ಒಂದೇ ಕಡೆ ಹೋಗಿ ಬರುತ್ತಿದ್ದರೆ ಹತ್ತಿರದಲ್ಲಿ ಗೂಡಿದೆ ಎಂದರ್ಥ. ಅದನ್ನಂತೂ ಖಂಡಿತ ಬಿಡಬೇಕು.

ಆರಂಭದ ದೂರವನ್ನು ಈಗಲೇ ನಿಗದಿ ಮಾಡಿಕೊಳ್ಳಿ. ನಾನು 40 ಮೀಟರ್ ಇಟ್ಟುಕೊಳ್ಳುತ್ತೇನೆ. ಅದಕ್ಕೂ ದೂರದಿಂದಲೇ ಹಾರುವ ಜಾತಿಯಾದರೆ ಇನ್ನೂ ಹಿಂದಿನಿಂದ ಹೊರಡಿ. ಒಂದು ಜಾತಿಗೆ ಒಂದೇ ಆರಂಭದ ದೂರ ಇರಬೇಕು, ಅಷ್ಟೇ. ಇದು ಸುಮ್ನೆ ಶಿಸ್ತಿಗಾಗಿ ಹೇಳುವ ಮಾತಲ್ಲ. ಡೇನಿಯಲ್ ಬ್ಲಮ್‌ಸ್ಟೀನ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ಹಕ್ಕಿಗಳ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನ ಜಾತಿಗಳಲ್ಲಿ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಮನುಷ್ಯ ಹೆಚ್ಚು ದೂರದಿಂದ ನಡೆದು ಬಂದಷ್ಟೂ ಹಕ್ಕಿ ಬೇಗ ಹಾರುತ್ತದೆ. ನಮ್ಮ ಮೇಲೆ ಕಣ್ಣಿಟ್ಟು ಕೂರುವುದಕ್ಕೂ ಹಕ್ಕಿಗೆ ಖರ್ಚಿದೆ. ಒಂದು ಕಣ್ಣು ನಮ್ಮ ಮೇಲಿದ್ದರೆ ಮೀನು ಹಿಡಿಯಲಾಗುವುದಿಲ್ಲ. ಕಾದು ಕಾದು ಸಾಕಾಗುವ ಬದಲು ಮೊದಲೇ ಎದ್ದು ಹೋಗುವುದು ಅದಕ್ಕೆ ಲಾಭ. ಹಾಗಾಗಿ ಒಂದು ದಿನ 20 ಮೀಟರಿನಿಂದ, ಇನ್ನೊಂದು ದಿನ 80 ಮೀಟರಿನಿಂದ ನಡೆದರೆ ನೀವು ಹಕ್ಕಿಯನ್ನು ಅಳೆದಂತೆ ಆಗುವುದಿಲ್ಲ. ನಿಮ್ಮ ನಡಿಗೆಯನ್ನೇ ಅಳೆದಂತಾಗುತ್ತದೆ.

4. ನಡೆಯಿರಿ

ನೇರವಾಗಿ, ಒಂದೇ ವೇಗದಲ್ಲಿ, ಹಕ್ಕಿಯ ಕಡೆ ಮುಖ ಮಾಡಿ ನಡೆಯಿರಿ. ಸೆಕೆಂಡಿಗೆ ಅರ್ಧ ಮೀಟರ್ ಸಾಕು. ಒಂದು ಹೆಜ್ಜೆಗೆ ಸುಮಾರು ಒಂದೂವರೆ ಸೆಕೆಂಡ್. ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಿರಿ. ನಡುವೆ ನಿಲ್ಲಬೇಡಿ, ಬಗ್ಗಬೇಡಿ, ಕದ್ದು ಹೋಗುವವರ ಹಾಗೆ ನಡೆಯಬೇಡಿ. ಬಗ್ಗಿ ಬಗ್ಗಿ ಬರುವ ಪ್ರಾಣಿ ಹಕ್ಕಿಯ ಲೆಕ್ಕದಲ್ಲಿ ಬೇಟೆಗೆ ಬಂದದ್ದು.

ಜೊತೆಯಲ್ಲಿ ಯಾರಾದರೂ ಬಂದಿದ್ದರೆ ಅವರು ಹಿಂದೆಯೇ ನಿಂತು ಬರೆದುಕೊಳ್ಳಲಿ. ಇಬ್ಬರೂ ನಡೆದರೆ ಅಂಕಿ ಬೇರೆಯಾಗುತ್ತದೆ. ಬೈಕು, ಕಾರಿನಲ್ಲಿ ಹೋಗಿ ಅಳೆಯುವುದೂ ಬೇಡ. ಗದ್ದೆ ಉಳುವ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ನಾಲ್ಕೈದು ಮಾರು ದೂರದಲ್ಲೇ ಓಡಾಡುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಡ್ರೈವರ್ ಇಳಿದು ನಡೆದರೆ ಅವೇ ಬೆಳ್ಳಕ್ಕಿ ದೂರ ಸರಿಯುತ್ತವೆ.

5. ರೆಕ್ಕೆಗೆ ಮೊದಲು ಕತ್ತು

ಈ ಹಂತಕ್ಕೆ ಸ್ವಲ್ಪ ತಾಳ್ಮೆ ಬೇಕು. ಕೊಳದ ಬಕವನ್ನೇ ಹತ್ತಿರದಿಂದ ನೋಡೋಣ.

ತೂಬಿನ ಕಲ್ಲಿನ ಮೇಲೆ ಬಕ ಕೂತಿದೆ. ಕತ್ತು ಪೂರ್ತಿ ಭುಜದೊಳಗೆ ಸೇರಿಕೊಂಡಿದೆ, ಮಣ್ಣಿನ ಮುದ್ದೆ ಇಟ್ಟ ಹಾಗೆ. ಕೊಕ್ಕು ನೀರಿನ ಕಡೆಗಿದೆ. ನೀವು ನಡೆಯುತ್ತಿದ್ದೀರಿ. ಒಂದು ಹಂತದಲ್ಲಿ ಕೊಕ್ಕು ನೀರಿನಿಂದ ಸ್ವಲ್ಪ ಮೇಲೇಳುತ್ತದೆ. ತಲೆ ಪಕ್ಕಕ್ಕೆ ವಾಲಿ ಒಂದು ಹಳದಿ ಕಣ್ಣು ನಿಮ್ಮ ಕಡೆ ತಿರುಗುತ್ತದೆ. ಹಕ್ಕಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದು ನಿಮ್ಮನ್ನು ನೋಡುವಾಗ ಮುಖ ತಿರುಗಿಸಿರುವಂತೆ ಕಾಣಬಹುದು. ಮೋಸ ಹೋಗಬೇಡಿ. ಇದೇ ಎಚ್ಚರದ ಕ್ಷಣ. ಇಲ್ಲಿ ಜೇಬಿನಿಂದ ಒಂದು ಗುರುತಿನ ಕಲ್ಲನ್ನು ನೆಲಕ್ಕೆ ಜಾರಿಸಿ, ನಡಿಗೆ ನಿಲ್ಲಿಸದೆ.

ಇನ್ನೂ ಹತ್ತಿರ ಹೋದಂತೆ ಭುಜದೊಳಗಿದ್ದ ಕತ್ತು ಹೊರಬರುತ್ತದೆ. ಆಗ ಗೊತ್ತಾಗುತ್ತದೆ ಅದರ ಕತ್ತು ಎಷ್ಟು ಉದ್ದ ಎಂದು. ಮೈಯ ಗರಿಗಳು ಒತ್ತಿಕೊಂಡು ಹಕ್ಕಿ ಸಣ್ಣಗಾದಂತೆ ಕಾಣುತ್ತದೆ. ಕಾಲು ಸ್ವಲ್ಪ ಮಡಚುತ್ತದೆ, ಮೈ ಮುಂದಕ್ಕೆ ಬಾಗುತ್ತದೆ. ಆಮೇಲೆ ಒಂದು ಒರಟು ಕೂಗು. ಕಂದು ಮುದ್ದೆ ಇದ್ದಕ್ಕಿದ್ದಂತೆ ಬೆಳ್ಳಗಾಗಿ ಎದ್ದು ಹೋಗುತ್ತದೆ, ಮಡಚಿದ್ದ ಬಿಳಿ ರೆಕ್ಕೆ ಬಿಚ್ಚಿಕೊಂಡದ್ದರಿಂದ. ಅಲ್ಲಿಗೆ ನಿಮ್ಮ ಎರಡನೇ ಗುರುತು.

ಬೇರೆ ಹಕ್ಕಿಗಳಲ್ಲಿ ಎಚ್ಚರ ಬೇರೆ ಥರ ಕಾಣುತ್ತದೆ. ಗೊರವಂಕ ನಡೆಯುವುದನ್ನು ನಿಲ್ಲಿಸಿ ನೆಟ್ಟಗೆ ನಿಲ್ಲುತ್ತದೆ. ಬೆಳವ ತಲೆ ಮೇಲೆ ಕೆಳಗೆ ಆಡಿಸುತ್ತದೆ. ಟಿಟ್ಟಿಭವಂತೂ ಊರಿಗೇ ಡಂಗುರ ಹೊಡೆಯುತ್ತದೆ. ಟಿಟ್ಟಿಭ ಕೂಗಿದ ಮೇಲೆ ಸುತ್ತಲಿನ ಹಕ್ಕಿಗಳೆಲ್ಲ ಎಚ್ಚರಗೊಳ್ಳುತ್ತವೆ. ಆ ಜಾಗದಲ್ಲಿ ಕಾಲು ಗಂಟೆ ಅಳತೆ ನಿಲ್ಲಿಸಿ.

6. ಅಳೆದು ಬರೆಯಿರಿ

ಹಕ್ಕಿ ಕೂತಿದ್ದ ಜಾಗದವರೆಗೆ ನಡೆದು, ಎರಡೂ ಗುರುತಿನಿಂದ ಹೆಜ್ಜೆ ಎಣಿಸಿ ಮೀಟರಿಗೆ ಬದಲಿಸಿ. ಗುರುತಿನ ಕಲ್ಲುಗಳನ್ನು ಹೆಕ್ಕಿಕೊಳ್ಳಿ. ಪುಸ್ತಕದ ಒಂದು ಸಾಲು ಹೀಗಿರಲಿ:

ಭಾನುವಾರ, ಬೆಳಗ್ಗೆ 7:10. ಕೊಳದ ಬಕ, ಒಂಟಿ. ಕೆರೆ ಏರಿ. ಆರಂಭ 40, ಎಚ್ಚರ 23, ಹಾರಿದ್ದು 14. ನೆಲದ ಮೇಲೆ. ಸುತ್ತ ಇಬ್ಬರು ಬಟ್ಟೆ ಒಗೆಯುತ್ತಿದ್ದರು. ಹಾರಿ ಆಚೆ ದಡಕ್ಕೆ ಹೋಯಿತು.

ಕೊನೆಯ ಎರಡು ವಿವರ ಬರೆಯಲು ಮರೆಯಬೇಡಿ. ನಾಲ್ಕು ಮಾರು ಹಾರಿ ಮತ್ತೆ ಕೂತ ಹಕ್ಕಿಗೂ ಕೆರೆಯನ್ನೇ ಬಿಟ್ಟು ಹೋದ ಹಕ್ಕಿಗೂ ತುಂಬ ವ್ಯತ್ಯಾಸವಿದೆ.

ಹಕ್ಕಿ ಮರದ ಮೇಲಿದ್ದರೆ ನೆಲದ ದೂರ ಒಂದೇ ಸಾಲದು. ಎತ್ತರವನ್ನು ಅಂದಾಜು ಮಾಡಿ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕ ಹಾಕಿ. ನೆಲದ ಮೇಲೆ 8 ಮೀಟರ್, ಕೊಂಬೆ 6 ಮೀಟರ್ ಎತ್ತರ ಅಂದರೆ ನಿಜವಾದ ದೂರ 10 ಮೀಟರ್. ಲೆಕ್ಕ ಬೇಡ ಅನ್ನಿಸಿದರೆ ನೆಲದ ಹಕ್ಕಿಗಳನ್ನೇ ಅಳೆಯಿರಿ.

ಗುಂಪಿದ್ದರೆ ಮೊದಲು ಹಾರಿದ ಹಕ್ಕಿಯ ದೂರ ಬರೆದು, ಗುಂಪಿನಲ್ಲಿ ಎಷ್ಟಿದ್ದವು ಎಂದೂ ಬರೆಯಿರಿ. ಒಂಟಿ ಹಕ್ಕಿಯ ಅಂಕಿಯ ಜೊತೆ ಇದನ್ನು ಬೆರೆಸಬೇಡಿ.

ಒಂದು ಹಕ್ಕಿಯನ್ನು ದಿನಕ್ಕೆ ಒಂದೇ ಸಲ ಅಳೆಯಬೇಕು. ಹಾರಿ ಆಚೆ ಕೂತದ್ದನ್ನು ಬೆನ್ನಟ್ಟಿ ಹೋಗಿ ಮತ್ತೆ ಅಳೆಯುವವರನ್ನು ನೋಡಿದ್ದೇನೆ. ಆಗ ಸಿಗುವುದು ಬೆನ್ನಟ್ಟಿಸಿಕೊಂಡ ಹಕ್ಕಿಯ ಅಂಕಿ. ಪಾಪ, ಅದಕ್ಕೆ ಬೆಳಗಿನ ಊಟವೂ ತಪ್ಪುತ್ತದೆ.

ಒಂದೊಂದು ಜಾಗದಲ್ಲಿ ಹತ್ತು ಹದಿನೈದು ಬೇರೆ ಬೇರೆ ಹಕ್ಕಿಗಳಾದರೆ ಹೋಲಿಸಲು ಧೈರ್ಯ ಬರುತ್ತದೆ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ಸರಿಯಾಗಿ ನಡುವಿನದನ್ನು ಆರಿಸಿ. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಸರಾಸರಿಗಿಂತ ಇದೇ ಮೇಲು. ಒಂದು ಪುಕ್ಕಲು ಹಕ್ಕಿ 38 ಮೀಟರಿನಲ್ಲೇ ಹಾರಿದರೂ ಮಧ್ಯಾಂಕ ಅಷ್ಟಾಗಿ ಅಲುಗಾಡುವುದಿಲ್ಲ.

7. ಅಂಕಿ ಏನು ಹೇಳುತ್ತದೆ

ನಿಮ್ಮ ಎರಡು ಜಾಗದ ಅಂಕಿಗಳಲ್ಲಿ ಪೇಟೆಯದು ಚಿಕ್ಕದಿರುತ್ತದೆ ಎಂದು ನಾನು ಈಗಲೇ ಹೇಳಬಲ್ಲೆ. ಬೇರೆ ಬೇರೆ ದೇಶಗಳಲ್ಲಿ, ಎಷ್ಟೋ ಜಾತಿಗಳಲ್ಲಿ ಇದನ್ನೇ ಕಂಡಿದ್ದಾರೆ. ಯಾಕೆ ಎನ್ನುವುದು ಸ್ವಾರಸ್ಯದ ಭಾಗ.

1986ರಲ್ಲಿ ಯೆಡೆನ್‌ಬರ್ಗ್ ಮತ್ತು ಡಿಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸರಳ ವಿಚಾರ ಮುಂದಿಟ್ಟರು. ಪ್ರಾಣಿ ಅಪಾಯ ಕಂಡ ಕೂಡಲೇ ಓಡುವುದಿಲ್ಲ, ಲೆಕ್ಕ ಹಾಕಿ ಓಡುತ್ತದೆ. ಉಳಿದರೆ ಜೀವ ಹೋಗುವ ಸಂಭವ ಎಷ್ಟು? ಹೋದರೆ ಕಳೆದುಕೊಳ್ಳುವುದು ಎಷ್ಟು? ಈ ಎರಡೂ ಸಮ ಆಗುವ ದೂರದಲ್ಲಿ ಅದು ಹೊರಡುತ್ತದೆ. ಹಾಗಾಗಿ ಮೀನು ದಂಡಿಯಾಗಿರುವ ಕೋಡಿಯಲ್ಲಿ ಬಕ ಜಾಸ್ತಿ ಹೊತ್ತು ತಡೆದುಕೊಳ್ಳುತ್ತದೆ. ಹತ್ತಿರದಲ್ಲೇ ಪೊದೆ ಇದ್ದರೆ ಸಣ್ಣ ಹಕ್ಕಿ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ದೊಡ್ಡ ಹಕ್ಕಿಗಳು ಹೆಚ್ಚು ದೂರದಿಂದಲೇ ಹಾರುತ್ತವೆ, ಸಣ್ಣವು ಹತ್ತಿರ ಬಿಡುತ್ತವೆ. ಅದಕ್ಕೇ ಬಕವನ್ನು ಗೊರವಂಕದ ಜೊತೆ ಹೋಲಿಸಬಾರದು.

ಪೇಟೆಯಲ್ಲಿ ದೂರ ಕಡಿಮೆಯಾಗುವುದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಮೊದಲನೆಯದು ರೂಢಿ. ದಿನಾ ನೂರು ಜನ ಹಾದುಹೋಗಿ ಒಬ್ಬರೂ ಏನೂ ಮಾಡದಿದ್ದರೆ ಹಕ್ಕಿ ಕಲಿಯುತ್ತದೆ. ಇದಕ್ಕೆ ಹ್ಯಾಬಿಚುಯೇಷನ್ ಎನ್ನುತ್ತಾರೆ. ಒಂದೇ ಪ್ರಚೋದನೆ ಮತ್ತೆ ಮತ್ತೆ ಬಂದು ಏನೂ ಆಗದಿದ್ದಾಗ ಅದಕ್ಕೆ ತೋರುವ ಪ್ರತಿಕ್ರಿಯೆ ತಗ್ಗುವುದು.

ಎರಡನೆಯದನ್ನು ಜನ ಯೋಚಿಸುವುದೇ ಇಲ್ಲ. ಅದು ಜರಡಿ ಹಿಡಿದ ಹಾಗೆ. ಅರ್ಜೆಂಟೀನಾದಲ್ಲಿ ಬಿಲದಲ್ಲಿ ಗೂಡು ಮಾಡುವ ಗೂಬೆಗಳ ಮೇಲೆ ಕರೆಟೆ ಮತ್ತು ತೆಯ್ಯಾ ಎಂಬ ವಿಜ್ಞಾನಿಗಳು ಕೆಲಸ ಮಾಡಿ 2010ರಲ್ಲಿ ಪ್ರಕಟಿಸಿದರು. ಒಂದೊಂದು ಗೂಬೆಗೂ ತನ್ನದೇ ಹಾರುವ ದೂರ ಇತ್ತು, ಮತ್ತೆ ಮತ್ತೆ ಅಳೆದರೂ ಅದು ಹೆಚ್ಚು ಬದಲಾಗಲಿಲ್ಲ. ಧೈರ್ಯದ ಗೂಬೆ ಧೈರ್ಯದ್ದೇ, ಪುಕ್ಕಲು ಗೂಬೆ ಪುಕ್ಕಲೇ. ಹಾಗಿದ್ದರೆ ಪೇಟೆಯ ಹಕ್ಕಿಗಳೆಲ್ಲ ಧೈರ್ಯ ಕಲಿತವೇ ಆಗಬೇಕಿಲ್ಲ. ಪುಕ್ಕಲು ಹಕ್ಕಿಗಳು ಜನರಿಲ್ಲದ ಕಡೆಗೇ ಉಳಿದು, ಧೈರ್ಯದವು ಮಾತ್ರ ಪೇಟೆಗೆ ಬಂದಿರಬಹುದು. ನಿಮ್ಮ ಕೆರೆಗೆ ಹೊಸದಾಗಿ ವಾಕಿಂಗ್ ಪಾತ್ ಮಾಡಿದಾಗ ಇದನ್ನು ನೆನೆಸಿಕೊಳ್ಳಿ. "ನೋಡಿ, ಹಕ್ಕಿಗಳು ಹೊಂದಿಕೊಂಡವು" ಎನ್ನುತ್ತೇವೆ. ಹೊಂದಿಕೊಳ್ಳಲಾಗದೆ ಬಿಟ್ಟು ಹೋದವನ್ನು ನಾವು ಎಣಿಸಿರುವುದಿಲ್ಲ.

ಇನ್ನೊಂದು, ಜಾಗ ಮತ್ತು ಮನುಷ್ಯನನ್ನು ನೆನಪಿಡುವುದು. ಯುರೋಪಿನ ರಸ್ತೆಗಳ ಮೇಲೆ ಕೂತ ಹಕ್ಕಿಗಳನ್ನು ಲೆಗಾನ್ಯೂ ಮತ್ತು ಡ್ಯುಕಾಟೆ ಎಂಬ ಇಬ್ಬರು ಕಾರು ಓಡಿಸುತ್ತಾ ಗಮನಿಸಿ 2013ರಲ್ಲಿ ಬರೆದರು. ವೇಗದ ಮಿತಿ ಜಾಸ್ತಿ ಇರುವ ರಸ್ತೆಯಲ್ಲಿ ಹಕ್ಕಿಗಳು ಕಾರು ಇನ್ನೂ ದೂರ ಇರುವಾಗಲೇ ಹಾರುತ್ತಿದ್ದವು. ಬರುತ್ತಿರುವ ಕಾರು ನಿಧಾನವಾಗಿದ್ದರೂ ಅಷ್ಟೇ. ಅವು ಆ ಒಂದು ಕಾರಿನ ವೇಗ ನೋಡುತ್ತಿರಲಿಲ್ಲ, ಆ ರಸ್ತೆ ಎಂಥದ್ದು ಎಂದು ತಿಳಿದುಕೊಂಡಿದ್ದವು.

ಮನುಷ್ಯರ ವಿಚಾರಕ್ಕೆ ಬಂದರೆ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ ಮಾಕಿಂಗ್‌ಬರ್ಡ್ ಎಂಬ ಹಕ್ಕಿಯ ಗೂಡಿನ ಹತ್ತಿರ ಒಬ್ಬರೇ ದಿನಾ ಹೋಗಿ ನಿಂತು ನೋಡಿದರು. ಬರೀ ಎರಡು ಸಲ, ತಲಾ 30 ಸೆಕೆಂಡ್ ಗೂಡಿನ ಹತ್ತಿರ ನಿಂತದ್ದಕ್ಕೇ ಹಕ್ಕಿ ಆ ವ್ಯಕ್ತಿಯನ್ನು ಗುರುತಿಟ್ಟುಕೊಂಡಿತು. ದಿನ ಕಳೆದಂತೆ ಅವರನ್ನು ಕಂಡರೆ ಇನ್ನೂ ದೂರದಿಂದಲೇ ಎದ್ದು ಬಂದು ಎರಗತೊಡಗಿತು. ಬೇರೆಯವರು ಬಂದರೆ ಮತ್ತೆ ಮೊದಲಿನ ಹಾಗೇ ಇತ್ತು. 2009ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ದೇಶದ ಸಿಯಾಟಲ್ ನಗರದಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿಜ್ಞಾನಿ 2006ರಲ್ಲಿ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ಆ ಮುಖವಾಡ ಕಂಡರೆ ವರ್ಷಗಳ ನಂತರವೂ ಕಾಗೆಗಳು ಕೂಗಿ ಬೈಯುತ್ತಿದ್ದವು, ಹಿಡಿಸಿಕೊಳ್ಳದ ಕಾಗೆಗಳೂ ಸೇರಿ. ಅಂದರೆ ಭಯ ಇಳಿಯುವಂತೆ ಏರುವುದೂ ಉಂಟು. ಏರುವುದಂತೂ ಬಹಳ ಬೇಗ. ಒಂದು ಬೆಳಗ್ಗೆ ಯಾರೋ ಕಲ್ಲು ಹೊಡೆದ ಕೆರೆಯಲ್ಲಿ ಮಾರನೇ ದಿನ ನಿಮ್ಮ ಅಂಕಿ ದೊಡ್ಡದಾಗಿ ಬಂದರೆ ಆಶ್ಚರ್ಯಪಡಬೇಡಿ. ಆ ವಿಷಯವನ್ನೂ ಬರೆದುಕೊಳ್ಳಿ.

ಎಚ್ಚರಿಕೆಯ ಒಂದು ಮಾತು. ಹಾರದ ಹಕ್ಕಿಗೆ ಭಯವಿಲ್ಲ ಎಂದುಕೊಳ್ಳಬೇಡಿ. ಮೊಟ್ಟೆಯ ಮೇಲೆ ಕೂತ ಪೆಂಗ್ವಿನ್‌ಗಳ ಎದೆಬಡಿತ ಅಳೆದವರು ಇದನ್ನು ಕಂಡುಕೊಂಡಿದ್ದಾರೆ. ಮನುಷ್ಯ ಹತ್ತಿರ ಬಂದಾಗ ಹಕ್ಕಿ ಹೊರಗೆ ಕಲ್ಲಿನಂತೆ ಕೂತಿರುತ್ತದೆ, ಒಳಗೆ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಹೊಟ್ಟೆಗಿಲ್ಲದ ಹಕ್ಕಿ, ಗಾಯಗೊಂಡ ಹಕ್ಕಿ, ಮೊಟ್ಟೆ ಬಿಟ್ಟು ಏಳಲಾಗದ ಹಕ್ಕಿ ಇವೂ ಹಾರುವುದಿಲ್ಲ. ಒಂದು ಹಕ್ಕಿ ವಿಚಿತ್ರವಾಗಿ ಹತ್ತಿರ ಬಿಟ್ಟುಕೊಂಡರೆ ಸಂತೋಷಪಟ್ಟು ಮುನ್ನುಗ್ಗುವ ಮೊದಲು ಅದು ಯಾಕೆ ಕೂತಿದೆ ಎಂದು ನೋಡಿ.

8. ಅಳತೆಯನ್ನು ಬಳಸುವುದು

ಈಗ ನಿಮ್ಮ ಕೈಯಲ್ಲಿ ಎರಡು ಅಂಕಿ ಇವೆ. ನಿಮ್ಮ ಕೆರೆಯ ಬಕದ ಎಚ್ಚರದ ದೂರ 23 ಮೀಟರ್, ಹಾರುವ ದೂರ 14 ಮೀಟರ್ ಎಂದಿಟ್ಟುಕೊಳ್ಳಿ. ಫೋಟೋ ತೆಗೆಯಲು, ಮಕ್ಕಳಿಗೆ ತೋರಿಸಲು ಹೋದಾಗ 25 ಮೀಟರಿನಲ್ಲಿ ನಿಲ್ಲಿ. ಕೂತುಕೊಳ್ಳಿ. ಕಾಯಿರಿ. ಹಕ್ಕಿ ತಾನಾಗಿ ಮೇಯುತ್ತಾ ಹತ್ತಿರ ಬಂದರೆ ಅದು ಅದರ ಇಷ್ಟ. ಹೀಗೆ ಅರ್ಧ ಗಂಟೆ ಕೂತರೆ ಬಗ್ಗಿ ತೆವಳಿ ಹೋದವರಿಗಿಂತ ಒಳ್ಳೆಯ ಚಿತ್ರ ಸಿಗುತ್ತದೆ.

ಇನ್ನೂ ಸ್ವಲ್ಪ ಹತ್ತಿರ ಹೋಗಲೇಬೇಕಾದರೆ ನೇರವಾಗಿ ಹೋಗುವುದು ಬೇಡ. ಹಕ್ಕಿಯ ಪಕ್ಕಕ್ಕೆ ಎಲ್ಲಿಗೋ ಹೋಗುವವರ ಹಾಗೆ ಓರೆಯಾಗಿ ನಡೆಯಿರಿ. ದಿಟ್ಟಿಸಿ ನೋಡಬೇಡಿ. ಸಿಯಾಟಲ್‌ನ ಕಾಗೆಗಳಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ತಮ್ಮನ್ನೇ ನೋಡುತ್ತಾ ಬಂದವರನ್ನು ಕಂಡರೆ ಅವು ಬೇಗ ಹಾರುತ್ತವೆ. ದೊಡ್ಡ ಲೆನ್ಸ್ ಅಂದರೆ ಅದೂ ಒಂದು ದೊಡ್ಡ ಕಣ್ಣಿನ ಹಾಗೇ ಇರುತ್ತದೆ, ನಿಧಾನವಾಗಿ ಎತ್ತಿ. ಕತ್ತು ಎದ್ದ ಕೂಡಲೇ ನಿಲ್ಲಿ. ಕತ್ತು ಇಳಿದ ಮೇಲೆ ಮುಂದಿನ ಹೆಜ್ಜೆ. ಇಳಿಯದಿದ್ದರೆ ಒಂದು ಹೆಜ್ಜೆ ಹಿಂದೆ.

ಹಕ್ಕಿಯನ್ನು ನಿಮಗೆ ಒಗ್ಗಿಸಿಕೊಳ್ಳಲು ಕಾಳು, ಮಿಕ್ಸ್ಚರ್, ಬ್ರೆಡ್ಡು ಹಾಕಬೇಡಿ. ಅದಕ್ಕಿಂತ ಮುಖ್ಯವಾದ ಮಾತು: ಉರುಳು ಹಾಕುವವರು, ಕವಣೆ ಹೊಡೆಯುವವರು ಓಡಾಡುವ ಜಾಗದಲ್ಲಿ ಹಕ್ಕಿಯ ಭಯವನ್ನು ಇಳಿಸುವ ಯಾವ ಪ್ರಯತ್ನವೂ ಬೇಡ. ಅಲ್ಲಿ ಆ ಭಯವೇ ಅದನ್ನು ಉಳಿಸಿರುವುದು.

ಕೊಕ್ಕರೆಬೆಳ್ಳೂರು, ರಂಗನತಿಟ್ಟು ನೋಡಿ ಬಂದವರು ಒಂದು ತಪ್ಪು ತಿಳಿವಳಿಕೆ ಹೊತ್ತು ತರುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ, ಮಕ್ಕಳ ಆಟ, ಎಲ್ಲ ನಡೆದೇ ಇರುತ್ತದೆ. ಇದು ತಲೆಮಾರುಗಳಿಂದ ಊರಿನವರು ಕೈ ಎತ್ತದೆ ಉಳಿಸಿಕೊಂಡ ಸಲುಗೆ. ಅದೇ ಜಾತಿಯ ಹಕ್ಕಿ ಬೇರೊಂದು ಕೆರೆಯಲ್ಲಿ ನಿಮ್ಮನ್ನು ಅಷ್ಟೇ ಹತ್ತಿರ ಬಿಟ್ಟುಕೊಳ್ಳುತ್ತದೆಂದು ಎಣಿಸಬೇಡಿ. ಆ ಕೆರೆಯಲ್ಲೇ ಅಳೆದು ನೋಡಿ.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ನಂಜನಗೂಡು ಕಡೆಯ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇವುಗಳ ಮೇಲೆ ಈ ಅಳತೆ ಬೇಡವೇ ಬೇಡ. ನೂರಾರು ಕತ್ತುಗಳಲ್ಲಿ ಒಂದು ಎದ್ದರೂ ಇಡೀ ಗುಂಪು ಏಳುತ್ತದೆ. ಮತ್ತೆ ಹಿಮಾಲಯ ದಾಟಲು ಮೈಯಲ್ಲಿ ಕೂಡಿಸಿಕೊಳ್ಳುತ್ತಿರುವ ಕೊಬ್ಬು ನಮ್ಮ ನೋಟ್‌ಬುಕ್ಕಿಗಾಗಿ ಕರಗುವುದು ನ್ಯಾಯವಲ್ಲ. ಅಲ್ಲಿ ಏರಿಯ ಮೇಲೆ ದೂರ ಕೂತು ಬೈನಾಕ್ಯುಲರ್‌ನಲ್ಲಿ ಎದ್ದ ಕತ್ತುಗಳನ್ನು ಮಾತ್ರ ಎಣಿಸಿ. ಇಪ್ಪತ್ತು ಹಕ್ಕಿಗೆ ಎಷ್ಟು ಕತ್ತು ಎದ್ದಿವೆ ಎನ್ನುವುದೂ ಭಯದ ಒಂದು ಅಳತೆಯೇ.

ಗೂಡಿನ ಹತ್ತಿರ ಬಂದುಬಿಟ್ಟರೆ

ಗೂಡು, ಮರಿ, ಗೂಡುಗಳ ತೋಪು ಇರುವ ಕಡೆ ಅಳೆಯಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ಅರ್ಥದೊಳಗೆ ಸೇರಿಸಿದೆ. ಆದರೂ ಗೊತ್ತಿಲ್ಲದೆ ನಾವು ಗೂಡಿನ ಹತ್ತಿರ ಹೋಗುವುದುಂಟು, ಟಿಟ್ಟಿಭದ ವಿಷಯದಲ್ಲಂತೂ ಹೆಚ್ಚು. ಅದು ಬಟಾಬಯಲಿನಲ್ಲಿ, ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ. ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ.

ಟಿಟ್ಟಿಭ ಹಾರಿ ದೂರ ಹೋಗದೆ ನಿಮ್ಮ ತಲೆಯ ಮೇಲೇ ಸುತ್ತುತ್ತಾ ಕೂಗುತ್ತಿದ್ದರೆ, ಅಥವಾ ಮೇಲಿಂದ ಎರಗಿ ಬಂದರೆ, ಮೊಟ್ಟೆ ಹತ್ತಿರದಲ್ಲಿದೆ. ಇದ್ದಲ್ಲೇ ನಿಲ್ಲಿ. ಮೊಟ್ಟೆ ಹುಡುಕಬೇಡಿ, ಫೋಟೋವೂ ಬೇಡ. ನೆಲ ನೋಡುತ್ತಾ, ಬಂದ ಹೆಜ್ಜೆಯ ಜಾಡಿನಲ್ಲೇ ಹಿಂದಕ್ಕೆ ಹೋಗಿ. ಬಿಸಿಲೇರಿದ್ದರೆ ಇನ್ನೂ ಬೇಗ. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ನೆರಳು ಕೊಡಲು ಕೂರುವುದೇ ಜಾಸ್ತಿ. ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನೀವು ನಿಂತಷ್ಟು ಹೊತ್ತು ಮೊಟ್ಟೆ ಬಿಸಿಲಲ್ಲಿರುತ್ತದೆ. ಕಾಗೆಗಳೂ ನಿಮ್ಮನ್ನು ಗಮನಿಸುತ್ತಿರುತ್ತವೆ.

ನೂರು ಹೆಜ್ಜೆ ಆಚೆ ಒಂದು ಮರದ ಮರೆಯಲ್ಲಿ ಕೂತು ನೋಡಿ. ಕೂಗು ನಿಲ್ಲುತ್ತದೆ. ಹಕ್ಕಿ ಮೊಟ್ಟೆಯಿಂದ ದೂರದಲ್ಲೇ ಇಳಿಯುತ್ತದೆ. ನಾಲ್ಕು ಹೆಜ್ಜೆ ಓಡಿ ನಿಂತು, ಕತ್ತೆತ್ತಿ ನೋಡಿ, ಮತ್ತೆ ನಾಲ್ಕು ಹೆಜ್ಜೆ ಓಡುತ್ತದೆ. ಕೊನೆಗೆ ಒಂದು ಕಡೆ ಗರಿ ಕೆದರಿ, ಮೈ ಆಡಿಸಿ, ಕೂರುತ್ತದೆ. ಕೂತದ್ದು ಖಚಿತವಾದ ಮೇಲೆ ಏಳಿ. ಆ ಜಾಗವನ್ನು ನೋಟ್‌ಬುಕ್ಕಿನ ನಕ್ಷೆಯಲ್ಲಿ ಒಂದು ಸೊನ್ನೆ ಸುತ್ತಿ ಗುರುತು ಮಾಡಿ. ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು, ಮರಿ ಹಾರಲು ಇನ್ನೊಂದಿಷ್ಟು ದಿನ ಬೇಕು. ಅಲ್ಲಿಯವರೆಗೆ ನಿಮ್ಮ ನಡಿಗೆ ಏರಿಯ ಇನ್ನೊಂದು ಬದಿಯಲ್ಲಿರಲಿ.